"ಮೊದಲು ಗಾಡಿ ಕಳಿಸಿ, ಆಮೇಲೆ ಪ್ರಶ್ನೆ ಕೇಳಿ" ಅನ್ನುವವರಿಗೆ

ನಾನು ತುರ್ತು ಸಹಾಯದ ನಂಬರ್ 112ರಲ್ಲಿ ಕರೆ ತೆಗೆದುಕೊಳ್ಳುವ ಕೆಲಸದಲ್ಲಿದ್ದೇನೆ ಅಂತ ಗೊತ್ತಾದರೆ ಸಾಕು, ಮದುವೆ ಮನೆಯ ಊಟದ ಪಂಕ್ತಿಯಲ್ಲೂ ಯಾರಾದರೂ ಕೇಳಿಯೇ ಕೇಳುತ್ತಾರೆ. "ಅಲ್ಲ ಮೇಡಂ, ಅಲ್ಲಿ ಪ್ರಾಣ ಹೋಗ್ತಿರುತ್ತೆ. ನೀವು ನೋಡಿದ್ರೆ ಯಾವ ಊರು, ಯಾವ ಕ್ರಾಸು, ನಿಮ್ಮ ಹೆಸರೇನು ಅಂತ ಕೇಳ್ತಾ ಕೂರ್ತೀರಿ. ಮೊದಲು ಗಾಡಿ ಕಳಿಸೋಕೆ ಆಗಲ್ವಾ?"

ಕಳಿಸ್ತೀವಿ. ನೀವು ಇನ್ನೂ ಮಾತಾಡುತ್ತಿರುವಾಗಲೇ ಕಳಿಸ್ತೀವಿ.

ಇದು ಬಹಳ ಜನಕ್ಕೆ ಗೊತ್ತಿಲ್ಲ. ಕರೆ ತೆಗೆದುಕೊಳ್ಳುವವರು ಬೇರೆ, ಗಾಡಿ ಕಳಿಸುವವರು ಬೇರೆ. ನಾನು ಹೆಡ್‌ಫೋನಲ್ಲಿ ನಿಮ್ಮ ಮಾತು ಕೇಳುತ್ತಾ ಟೈಪ್ ಮಾಡುತ್ತಿರುತ್ತೇನೆ. ಎಲ್ಲಿ, ಏನಾಯ್ತು ಅನ್ನೋದು ಸಿಕ್ಕ ಕೂಡಲೇ ಆ ವಿವರ (ನಾವು ಈವೆಂಟ್ ಅಂತೀವಿ) ಗಾಡಿ ಕಳಿಸುವ ಡಿಸ್ಪ್ಯಾಚ್‌ನವರಿಗೆ ಹೋಗುತ್ತದೆ. ಅವರ ಸ್ಕ್ರೀನಿನ ಮ್ಯಾಪಲ್ಲಿ ಹತ್ತಿರದ ಗಾಡಿ ಯಾವುದು ಅಂತ ಕಾಣುತ್ತದೆ. ಬೆಂಗಳೂರಿನಲ್ಲಾದರೆ ಪೊಲೀಸರ ಹೊಯ್ಸಳ ಗಾಡಿ. ಗಾಡಿಯೊಳಗಿನ ಟ್ಯಾಬಿಗೆ ವಿವರ ಹೋಗಿ, ಅದರಲ್ಲಿರುವವರು ಹೊರಟಿರುತ್ತಾರೆ. ಆಮೇಲೆ ನಾನು ಕೇಳುವುದೆಲ್ಲ ದಾರಿಯಲ್ಲಿರುವ ಅವರಿಗೋಸ್ಕರ. ಆಂಬುಲೆನ್ಸ್ ಬೇಕಾದ ಕರೆ 108ಕ್ಕೆ ಹೋಗುತ್ತದೆ. ಅಲ್ಲೂ ಮೊದಲು ಕೇಳುವುದು ಜಾಗವನ್ನೇ.

ಸರಿ, ಜಾಗವನ್ನಾದರೂ ಯಾಕೆ ಕೇಳಬೇಕು? "ಊಟ ತರೋ ಹುಡುಗನಿಗೆ ನಮ್ಮ ಮನೆ ಸಿಗುತ್ತೆ, ನಿಮಗೆ ಸಿಗಲ್ವಾ?" ಅಂತಾರೆ. ನ್ಯಾಯವಾದ ಪ್ರಶ್ನೆ. ಆದರೆ ಆ ಆ್ಯಪಿಗೆ ನೀವು ಜಿಪಿಎಸ್ ಬಿಟ್ಟಿದ್ದೀರಿ, ಮನೆ ನಂಬರು, ಮಹಡಿ ಎಲ್ಲ ತುಂಬಿಸಿಟ್ಟಿದ್ದೀರಿ. ಸುಮ್ನೆ ಫೋನ್ ಮಾಡಿದಾಗ ಟವರ್ ಲೆಕ್ಕದಲ್ಲಿ ಒಂದು ಅಂದಾಜು ಸಿಗುತ್ತದೆ ಅಷ್ಟೇ. ಪೇಟೆಯಲ್ಲಿ ಟವರುಗಳು ಒತ್ತೊತ್ತಾಗಿರುವುದರಿಂದ ಒಂದೆರಡು ಬೀದಿಯ ಆಸುಪಾಸಿಗೆ ಬರಬಹುದು. ಮಲೆನಾಡಲ್ಲಿ ಅದೇ ಅಂದಾಜು ಎಷ್ಟೋ ಕಿಲೋಮೀಟರ್ ಅಗಲ ಇರುತ್ತದೆ. 112ರದೇ ಒಂದು ಆ್ಯಪ್ ಇದೆ, ಅದರಿಂದ ಬಂದ ಕರೆಗೆ ಜಾಗ ಚೆನ್ನಾಗಿ ಗೊತ್ತಾಗುತ್ತದೆ. ಹಾಕಿಕೊಂಡವರು ಕಡಿಮೆ.

ಇನ್ನು ನಮ್ಮ ಊರುಗಳ ಹೆಸರು. ಗಾಂಧಿನಗರ ಇಲ್ಲದ ಪೇಟೆ ಎಲ್ಲಿದೆ ಹೇಳಿ? ಎಂ.ಜಿ. ರೋಡ್ ಬೆಂಗಳೂರಲ್ಲೂ ಇದೆ, ಮಂಗಳೂರಲ್ಲೂ ಇದೆ, ಚಿಕ್ಕಮಗಳೂರಲ್ಲೂ ಇದೆ. ಹೊಸಹಳ್ಳಿಗಳನ್ನಂತೂ ಎಣಿಸೋಕೆ ಹೋಗಬೇಡಿ. ಕರೆ ಮಾಡಿದವರಿಗೆ ಅವರ ಹೊಸಹಳ್ಳಿ ಒಂದೇ. "ಹೊಸಹಳ್ಳಿ ಗೊತ್ತಿಲ್ವಾ ನಿಮಗೆ?" ಅಂತ ರೇಗುತ್ತಾರೆ.

ಹೆದ್ದಾರಿ ಇನ್ನೂ ಕಷ್ಟ. ಒಬ್ಬರು ಕರೆ ಮಾಡಿದ್ದರು. "ಸಿರಾ ದಾಟಿದೀವಿ, ಲಾರಿ ಬೈಕಿಗೆ ಗುದ್ದಿದೆ, ಬೇಗ ಬನ್ನಿ." ಬೆಂಗಳೂರು ಕಡೆಯಿಂದ ಬಂದವರು ಸಿರಾ ದಾಟಿದರೆ ಹಿರಿಯೂರು ಕಡೆ ಇರುತ್ತಾರೆ. ಚಿತ್ರದುರ್ಗ ಕಡೆಯಿಂದ ಬಂದವರು ದಾಟಿದರೆ ತುಮಕೂರು ಕಡೆ. ನಡುವೆ ಇಡೀ ಸಿರಾ ಇದೆ.

"ಅಣ್ಣ, ಎಲ್ಲಿಂದ ಎಲ್ಲಿಗೆ ಹೋಗ್ತಿದ್ರಿ?"

"ಅದೆಲ್ಲ ಯಾಕ್ರೀ ನಿಮಗೆ? ರಕ್ತ ಹೋಗ್ತಿದೆ ಇಲ್ಲಿ!"

"ಗಾಡಿ ಯಾವ ಕಡೆ ಕಳಿಸ್ಬೇಕು ಅಂತ ಕೇಳ್ತಿದ್ದೀನಿ ಅಣ್ಣ. ಬೆಂಗಳೂರಿಂದ ಬಂದ್ರಾ?"

"ಹೂಂ, ಬೆಂಗಳೂರಿಂದ. ದಾವಣಗೆರೆಗೆ."

"ರಸ್ತೆ ಪಕ್ಕ ಹಳದಿ ತಲೆಯ ಕಲ್ಲು ಕಾಣ್ತಿದೆಯಾ? ಫೋನ್ ಕಟ್ ಮಾಡ್ಬೇಡಿ, ಏನು ಬರೆದಿದೆ ಓದಿ."

ಅವರು ಏದುಸಿರು ಬಿಡುತ್ತಾ ಓಡಿದ್ದು ನನಗೆ ಕೇಳುತ್ತಿತ್ತು. "ಹಿರಿಯೂರು 31." ಅಷ್ಟು ಸಾಕಾಯಿತು. ಅವರು ಹೋಗುತ್ತಿದ್ದ ದಿಕ್ಕು ಗೊತ್ತಾದದ್ದರಿಂದ ಡಿವೈಡರಿನ ಯಾವ ಬದಿ ಅನ್ನುವುದೂ ಗೊತ್ತಾಯಿತು. ಇದು ಸಣ್ಣ ವಿಷಯ ಅಲ್ಲ. ತಪ್ಪು ಬದಿಗೆ ಹೋದ ಗಾಡಿಯವರಿಗೆ ಅಪಘಾತ ಕಣ್ಣೆದುರೇ ಕಾಣುತ್ತಿರುತ್ತದೆ, ಆದರೆ ತಿರುಗಿಸಿಕೊಳ್ಳೋಕೆ ಮುಂದಿನ ಯೂ ಟರ್ನ್‌ವರೆಗೂ ಹೋಗಬೇಕು.

ರಾಷ್ಟ್ರೀಯ ಹೆದ್ದಾರಿಯ ಕಲ್ಲಿಗೆ ಹಳದಿ ತಲೆ, ರಾಜ್ಯ ಹೆದ್ದಾರಿಯದಕ್ಕೆ ಹಸಿರು. ಕಲ್ಲು ಸಿಗದಿದ್ದರೆ ಅಂಗಡಿ ಬೋರ್ಡ್ ಓದಿ, ಅದರ ಕೆಳಗೆ ವಿಳಾಸ ಬರೆದಿರುತ್ತಾರೆ. ಟೀ ಅಂಗಡಿಯವರ ಕೈಗೆ ಫೋನ್ ಕೊಡಿ, ಇನ್ನೂ ಒಳ್ಳೆಯದು. ಜಾಗ ಹೇಳುವುದರಲ್ಲಿ ಅವರನ್ನು ಮೀರಿಸಿದವರಿಲ್ಲ.

ಕೆಲವು ಪ್ರಶ್ನೆ ಕೇಳಿದಾಗ ಜನಕ್ಕೆ ಸಿಟ್ಟು ಜಾಸ್ತಿ. "ಉಸಿರು ಹೇಗಿದೆ?" ಅನ್ನೋದು ಅಂಥದ್ದು. "ಬಿದ್ದಿದ್ದಾರೆ ಅಂದ್ನಲ್ಲ, ಉಸಿರಾಡ್ತಿದ್ದಾರೆ, ಗೊರಕೆ ಥರ ಶಬ್ದ ಬರ್ತಿದೆ" ಅನ್ನುತ್ತಾರೆ. ಕುಸಿದು ಬಿದ್ದು, ಕರೆದರೂ ಅಲುಗಾಡದ ಮನುಷ್ಯನಿಂದ ಬಿಟ್ಟುಬಿಟ್ಟು ಗೊರಕೆಯಂಥ ಶಬ್ದ ಬರುತ್ತಿದ್ದರೆ ಅದನ್ನು ಉಸಿರಾಟ ಅಂತ ಲೆಕ್ಕ ಹಿಡಿಯುವಂತಿಲ್ಲ. ಹೃದಯ ನಿಂತಾಗಲೂ ಹಾಗೆ ಆಗುತ್ತದೆ. ಆಗ ಗಾಡಿ ಬರುವವರೆಗೆ ಕಾಯದೆ ಎದೆಯ ನಡುವೆ ಎರಡೂ ಕೈಯಿಟ್ಟು ಒತ್ತಬೇಕು. ದೊಡ್ಡವರಿಗಾದರೆ ಸುಮಾರು 5 ಸೆಂಟಿಮೀಟರ್ ಒಳಗೆ ಹೋಗುವಷ್ಟು ಜೋರಾಗಿ, ನಿಮಿಷಕ್ಕೆ 100ರಿಂದ 120 ಸಲ. ಅಮೆರಿಕ, ಯುರೋಪಿನ ಎಷ್ಟೋ ಕಡೆ ಕರೆ ತೆಗೆದುಕೊಂಡವರೇ ಫೋನಿನಲ್ಲಿ ಎಣಿಸುತ್ತಾ ಇದನ್ನು ಮಾಡಿಸುತ್ತಾರೆ. ನಮ್ಮಲ್ಲೂ ಪ್ರತಿ ಕುರ್ಚಿಯಲ್ಲಿರುವವರಿಗೂ ಈ ತರಬೇತಿ ಸಿಗಬೇಕು ಅನ್ನೋದು ನನ್ನ ಆಸೆ.

ಜಗಳದ ಕರೆಯಾದರೆ "ಕೈಯಲ್ಲಿ ಮಚ್ಚು, ಚಾಕು ಏನಾದ್ರೂ ಇದೆಯಾ?" ಅಂತ ಕೇಳುತ್ತೇವೆ. ಅಲ್ಲಿಗೆ ಹೋಗುವ ಪೊಲೀಸರಿಗೂ ಮನೆಯಲ್ಲಿ ಹೆಂಡತಿ ಮಕ್ಕಳಿದ್ದಾರೆ ಅಲ್ವಾ?

ಹೆಸರು ಕೇಳಿದರೆ ಮಾತ್ರ ಅರ್ಧ ಜನ ಹಿಂಜರಿಯುತ್ತಾರೆ. ನಾಳೆ ಸ್ಟೇಷನ್ನು, ಕೋರ್ಟು ಅಂತ ಅಲೆಸುತ್ತಾರೆ ಅನ್ನೋ ಭಯ. ಅಪಘಾತದಲ್ಲಿ ಸಹಾಯ ಮಾಡಿದವರಿಗೆ ತೊಂದರೆ ಕೊಡಬಾರದು ಅನ್ನುವ ಮಾರ್ಗಸೂಚಿಗೆ 2016ರಲ್ಲೇ ಸುಪ್ರೀಂ ಕೋರ್ಟ್ ಬಲ ಕೊಟ್ಟಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ, ಹಾಗೆ ಸಹಾಯ ಮಾಡಿದವರಿಗೆ ರಕ್ಷಣೆ ಕೊಡುವ 134ಎ ಕಲಂ ಸೇರಿತು. ಹೆಸರು ಹೇಳಲೇಬೇಕು ಅಂತಿಲ್ಲ. ನಮಗೆ ನಿಜವಾಗಿ ಬೇಕಾಗಿರುವುದು ನಿಮ್ಮ ಫೋನ್ ಎತ್ತುವ ಕೈ. ಗಾಡಿಯವರು ದಾರಿ ಕೇಳೋಕೆ ನಿಮಗೇ ಫೋನ್ ಮಾಡುತ್ತಾರೆ. ಆ ಹೊತ್ತಿಗೆ ನೀವು ಅತ್ತೆಗೆ, ಭಾವನಿಗೆ, ಊರಿಗೆಲ್ಲ ಫೋನ್ ಮಾಡುತ್ತಾ ಕೂತಿದ್ದರೆ ಅವರಿಗೆ ಬಿಜಿ ಬರುತ್ತದೆ. ಗೊತ್ತಿಲ್ಲದ ನಂಬರ್ ಅಂತ ಕೆಲವರು ಕಟ್ ಕೂಡ ಮಾಡುತ್ತಾರೆ!

ಇಷ್ಟೆಲ್ಲ ಹೇಳಿದ ಮೇಲೂ ಗಾಡಿ ತಡವಾಗುವುದಿದೆ. ಸಂಜೆ ಆರು ಗಂಟೆಗೆ ಸಿಲ್ಕ್ ಬೋರ್ಡ್ ಜಂಕ್ಷನ್ ನೋಡಿದವರಿಗೆ ನಾನು ವಿವರಿಸಬೇಕಾಗಿಲ್ಲ. ಹತ್ತಿರದ ಗಾಡಿ ಇನ್ನೊಂದು ಕರೆಗೆ ಹೋಗಿರುತ್ತದೆ, ದೂರದ್ದು ಬರಬೇಕು. ಆ ಸಿಟ್ಟು ನನ್ನ ಕಿವಿಗೇ ಬೀಳುತ್ತದೆ, ಬೀಳಲಿ. ಅದಕ್ಕೆ ಮದ್ದು ಹೆಚ್ಚು ಗಾಡಿ ಮತ್ತು ದಾರಿ ಬಿಡುವ ಜನ. ನಾನು ಪ್ರಶ್ನೆ ಕೇಳುವುದು ಬಿಟ್ಟರೆ ಅದೇನೂ ಸರಿಹೋಗಲ್ಲ.

ಕೊನೆಗೊಂದು ವಿನಂತಿ. ಎಷ್ಟೋ ಫೋನುಗಳಲ್ಲಿ ಪವರ್ ಬಟನ್ ಬೇಗ ಬೇಗ ಒತ್ತಿದರೆ ಕರೆ ನಮಗೇ ಬರುತ್ತದೆ. ಜೇಬಲ್ಲಿ ಒತ್ತಿಕೊಳ್ಳುತ್ತದೆ, ಮಕ್ಕಳು ಒತ್ತುತ್ತಾರೆ. ಹಾಗಾದರೆ ಗಾಬರಿಯಾಗಿ ಕಟ್ ಮಾಡಬೇಡಿ. "ತಪ್ಪಿ ಬಂತು ಮೇಡಂ" ಅಂದುಬಿಡಿ, ಯಾರೂ ಬೈಯಲ್ಲ. ಏನೂ ಹೇಳದೆ ಕಟ್ ಮಾಡಿದರೆ ಅಲ್ಲೇನೋ ಆಗಿದೆ ಅಂದುಕೊಂಡು ನಾವೇ ವಾಪಸ್ ಫೋನ್ ಮಾಡ್ತೀವಿ. ಆಗಲಾದರೂ ಎತ್ತಿ.