ಒಳಗಡೆ ಮುಟ್ಟಿ ನೋಡಿದ್ಯಾ?

ಮೂರು ವರ್ಷದಿಂದ ಕಿಟಕಿ ಪಕ್ಕ ಇಟ್ಟು ಸಾಕಿದ, ದಪ್ಪ ಎಲೆಯ ಪುಟ್ಟ ಗಿಡ. ಕೊಂಡಾಗಲೇ ಚೀಟಿ ಸಿಕ್ಕಿಸಿದ್ದರು: 'ಹಾವರ್ಥಿಯಾ ಫ್ಯಾಸಿಯಾಟಾ, ಅಪರೂಪ'. ಮನೆಗೆ ಬಂದವರನ್ನು ಅದರ ಮುಂದೆ ನಿಲ್ಲಿಸದೆ ನಾನು ಬಿಟ್ಟಿದ್ದೇ ಇಲ್ಲ. ಈ ಭಾನುವಾರ ಗೆಳತಿಯ ಅತ್ತೆಯ ಸರದಿ. ಅವರದು ಮಾತು ಕಡಿಮೆ, ಹೊಗಳಿಕೆ ಇನ್ನೂ ಕಡಿಮೆ. ಬಗ್ಗಿ ನೋಡಿದರು. "ಒಳಗಡೆ ಮುಟ್ಟಿ ನೋಡಿದ್ಯಾ?" ಅಂದರು. ಅಷ್ಟೇ.

ಮುಟ್ಟಿದೆ. ತರಿತರಿ.

ಫ್ಯಾಸಿಯಾಟಾದ ಎಲೆಯಲ್ಲಿ ಬಿಳಿ ಗುಳ್ಳೆಗಳ ಪಟ್ಟೆ ಇರುವುದು ಹೊರಮೈಯಲ್ಲಿ ಮಾತ್ರ. ಗಿಡದ ನಡುವಿನ ಕಡೆಗೆ ತಿರುಗಿರುವ ಒಳಮೈ ನುಣುಪು. ಎರಡೂ ಕಡೆ ಗುಳ್ಳೆ ಇದ್ದರೆ ಅದು ಅಟೆನ್ಯುಯೇಟಾ, ನೋಡಲು ಹಾಗೇ ಇರುವ ಬೇರೆ ಗಿಡ. ಎಲೆ ಹರಿದರೂ ಗೊತ್ತಾಗುತ್ತದಂತೆ, ಫ್ಯಾಸಿಯಾಟಾದಲ್ಲಿ ನಾರು ಕಾಣುತ್ತದೆ, ಇನ್ನೊಂದರಲ್ಲಿ ಇಲ್ಲ. ಎರಡರ ತವರೂ ದಕ್ಷಿಣ ಆಫ್ರಿಕಾದ ಈಸ್ಟರ್ನ್ ಕೇಪ್. ಆದರೆ ಅಟೆನ್ಯುಯೇಟಾ ಸುಲಭವಾಗಿ ಬೆಳೆದು ಮರಿ ಹಾಕುತ್ತಲೇ ಇರುತ್ತದೆ, ಹಾಗಾಗಿ ಫ್ಯಾಸಿಯಾಟಾ ಅಂತ ಮಾರುವುದರಲ್ಲಿ ಜಾಸ್ತಿ ಇದೇ. ಸಾಲದ್ದಕ್ಕೆ 2013ರಲ್ಲೇ ಇವೆರಡನ್ನೂ ಹಾವರ್ಥಿಯಾದಿಂದ ತೆಗೆದು ಹಾವರ್ಥಿಯೋಪ್ಸಿಸ್ ಎಂಬ ಬೇರೆ ಕುಲಕ್ಕೆ ಹಾಕಿದ್ದಾರೆ. ಚೀಟಿಯಲ್ಲಿದ್ದದ್ದು ಮೂರು ಪದ. ಮೂರೂ ತಪ್ಪು.

ಮಾರಿದವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ, ಪಾಪ ಅವರಿಗೂ ಯಾರೋ ಹಾಗೇ ಚೀಟಿ ಸಮೇತ ಕೊಟ್ಟಿರಬೇಕು. ಸಿಟ್ಟು ಬಂದಿದ್ದು ಅತ್ತೆಯ ಹಿಂದೆ ನಿಂತು ಕಿಸಕ್ಕೆಂದ ಗೆಳತಿಯ ಮೇಲೆ. ಅವಳಿಗೆ ಕಳ್ಳಿಗೂ ಕ್ಯಾಕ್ಟಸ್‌ಗೂ ವ್ಯತ್ಯಾಸ ಗೊತ್ತಿಲ್ಲ! ಗೀರಿದರೆ ಹಾಲು ಸುರಿಯುವ ಕಳ್ಳಿಯನ್ನೂ, ಅಂದರೆ ಯುಫೋರ್ಬಿಯಾವನ್ನೂ, ಕ್ಯಾಕ್ಟಸ್ ಅಂತಲೇ ಕರೆಯುತ್ತಾಳೆ. ಮುಳ್ಳು ಹುಟ್ಟುವ ಜಾಗದಲ್ಲಿ ಸಣ್ಣ ತುಪ್ಪಳದ ದಿಂಬಿನಂಥದ್ದು ಇದ್ದರೆ ತಾನೇ ಕ್ಯಾಕ್ಟಸ್? ಎಷ್ಟು ಸಲ ಹೇಳಿದ್ದೀನೋ.

ಹೇಳಿದ್ದೀನಿ, ಸರಿ. ಆದರೆ "ಒಳಗಡೆ ಮುಟ್ಟಿ ನೋಡಿದ್ಯಾ?" ರಾತ್ರಿ ಹಲ್ಲುಜ್ಜುವಾಗಲೂ ಅದೇ ಮಾತು. ಮೂರು ವರ್ಷ ನೀರು ಹಾಕಿದ್ದೀನಿ, ಎಲೆ ಮೇಲಿನ ದೂಳು ಕುಂಚದಲ್ಲಿ ಒರೆಸಿದ್ದೀನಿ, ಅಂದರೆ ಮುಟ್ಟಿಯೂ ಇದ್ದೀನಿ. ತರಿತರಿ ಇದೆ ಅಂತ ಬೆರಳಿಗೆ ಗೊತ್ತಿತ್ತು. ನಾನು ಮಾತ್ರ ಚೀಟಿ ಓದುತ್ತಿದ್ದೆ.

ಆಮೇಲೆ ಇನ್ನೊಂದು ನೆನಪಾಯಿತು, ನಿದ್ದೆ ಹಾರಿಹೋಯಿತು. ಆ ಗಿಡದ ಮರಿಗಳನ್ನು ನಾಲ್ಕು ಜನಕ್ಕೆ ಕೊಟ್ಟಿದ್ದೀನಿ. ನಾನೇ ದುಂಡಗೆ ಬರೆದ ಚೀಟಿ ಸಮೇತ, 'ಅಪರೂಪ'ದ ಕೆಳಗೆ ಗೀಟು ಬೇರೆ.

ಬೆಳಿಗ್ಗೆ ಒಬ್ಬೊಬ್ಬರಿಗೇ ಫೋನ್ ಮಾಡಿದೆ. ಇಬ್ಬರು ನಕ್ಕರು. ಒಬ್ಬರು, ಅದು ಕೊಳೆತು ವರ್ಷವಾಯಿತು, ಹೇಳೋಕೆ ಮುಜುಗರವಾಗಿತ್ತು ಅಂದರು. ನಾಲ್ಕನೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು, "ಹಾಗಾದ್ರೆ ಅದರ ಮರಿ ನಾನು ಕೊಟ್ಟಿರೋರಿಗೆ ಏನು ಹೇಳ್ಲಿ?"