ಡಬ್ಬಿಯೊಳಗಿನ ಚೀಟಿ

ಇವತ್ತು ಕಪಾಟು ಒರೆಸುವಾಗ ಮಗಳ ಹಳೇ ಬ್ಲೂ-ರೇ ಸಿನಿಮಾ ಡಬ್ಬಿ ಸಿಕ್ಕಿತು. ಒಳಗೆ ಡಿಸ್ಕ್ ಜೊತೆ ಒಂದು ಚೀಟಿ, ಅದೇ ಸಿನಿಮಾನ ಆನ್‌ಲೈನ್‌ನಲ್ಲೂ ನೋಡೋಕೆ ಡಿಜಿಟಲ್ ಕಾಪಿಯ ಕೋಡ್. ಯಾರೂ ಬಳಸಿರಲಿಲ್ಲ. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಟೈಪ್ ಮಾಡಿದೆ, ಸೊನ್ನೆನೋ ‘ಓ’ನೋ ಗೊತ್ತಾಗದೆ ಎರಡು ಸಲ ತಪ್ಪಿತು, ಮೂರನೇ ಸಲ ಸರಿಯಾಗಿ ಹೊಡೆದರೆ ಅವಧಿ ಮುಗಿದಿದೆ ಅಂತ ಬಂತು. ಚೀಟಿ ತಿರುಗಿಸಿ ನೋಡಿದೆ. ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರದಲ್ಲಿ ತಾರೀಕು.

ತುಂಬಾ ಬೇಜಾರಾಯಿತು. ದುಡ್ಡು ಕೊಟ್ಟಿದ್ದು ಎರಡಕ್ಕೂ ಅಲ್ವಾ?

ಇಲ್ಲಿ ಅಮೆರಿಕದಲ್ಲಿ ಅಲ್ಟ್ರಾವಯಲೆಟ್ ಅನ್ನುವ ಡಿಜಿಟಲ್ ಲಾಕರ್, ಅಂದರೆ ಕೊಂಡ ಸಿನಿಮಾಗಳನ್ನು ಆನ್‌ಲೈನ್‌ನಲ್ಲಿ ಇಟ್ಟುಕೊಳ್ಳುವ ಸೇವೆ, 2019ರ ಜುಲೈ 31ಕ್ಕೆ ಮುಚ್ಚಿಯೇ ಹೋಯಿತು. ಮೂವೀಸ್ ಎನಿವೇರ್ ಅನ್ನುವ ಇನ್ನೊಂದು ಸೇವೆಯಲ್ಲಿ ಡಿಸ್ನಿ, ಯೂನಿವರ್ಸಲ್, ಸೋನಿ, ವಾರ್ನರ್ ಸ್ಟುಡಿಯೋಗಳ ಚಿತ್ರಗಳನ್ನು ಒಂದು ಆನ್‌ಲೈನ್ ಅಂಗಡಿಯಲ್ಲಿ ಕೊಂಡರೆ, ಅದಕ್ಕೆ ಜೋಡಿಸಿದ ಇನ್ನೊಂದು ಅಂಗಡಿಯಲ್ಲೂ ನೋಡಬಹುದು. ಆದರೆ 2017ರಲ್ಲಿ ಅದು ಶುರುವಾದಾಗ ಪ್ಯಾರಾಮೌಂಟ್, ಲಯನ್ಸ್‌ಗೇಟ್ ಸೇರಲಿಲ್ಲ. ಅಂದರೆ ನಾವು ಕೊಂಡ ಸಿನಿಮಾ ಎಲ್ಲಿ ಕಾಣಬೇಕು ಅನ್ನುವುದು ಸ್ಟುಡಿಯೋಗಳ ಒಪ್ಪಂದದ ಮೇಲೆ ನಿಂತಿದೆ. ನಮ್ಮ ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಒಂದು ಕಾನೂನು ಬಂದಿದೆ, ಡಿಜಿಟಲ್ ಸಿನಿಮಾ ಕೊಂಡರೆ ಸಿಗುವುದು ಬರೀ ಲೈಸೆನ್ಸ್, ಅಂದರೆ ನೋಡುವ ಅನುಮತಿ ಅಷ್ಟೇ ಅಂತ ಸ್ಪಷ್ಟವಾಗಿ ಹೇಳದೆ ಸುಮ್ನೆ ‘ಖರೀದಿಸಿ’ ಅಂತ ಬಟನ್ ಹಾಕುವ ಹಾಗಿಲ್ಲ. ನನಗೆ ಅದು ಒಳ್ಳೇದೇ ಅನಿಸಿತು, ಇನ್ನೂ ಮುಂಚೆ ಬರಬೇಕಿತ್ತು.

ಡಿಸ್ಕ್ ಮಾತ್ರ ಚೆನ್ನಾಗಿಯೇ ಓಡಿತು. ಸಂಜೆ ಪಕ್ಕದ ಮನೆ ಹುಡುಗ ಕೇಳಿದ, ಡಬ್ಬಿ ಸಮೇತ ಕೊಟ್ಟು ಕಳಿಸಿದೆ.