ಫಾದೊಗೆ ಪಿಟೀಲು ನೆರಳಾಗಬಾರದು

ಕರ್ನಾಟಕ ಸಂಗೀತದ ಪಕ್ಕವಾದ್ಯದಲ್ಲಿ ಪಳಗಿದವರು ಲಿಸ್ಬನ್‌ಗೆ ಬಂದು ಪೋರ್ಚುಗಲ್‌ನ ಹಾಡುಗಾರಿಕೆಯಾದ ಫಾದೊ ನುಡಿಸಹೊರಟರೆ, ಮೊದಲು ಅಡ್ಡ ಬರುವುದು ಅವರ ಅತ್ಯುತ್ತಮ ಅಭ್ಯಾಸವೇ. ನಮ್ಮ ಕಛೇರಿಯಲ್ಲಿ ಪಿಟೀಲು ಗಾಯಕರ ಬೆನ್ನಿಗೇ ಸಾಗುತ್ತದೆ. ಲಿಸ್ಬನ್‌ನ ಹಳೆಯ ಬಡಾವಣೆಗಳಾದ ಅಲ್ಫಾಮ, ಮೊರಾರಿಯಾಗಳ ಫಾದೊ ಮನೆಗಳಲ್ಲಿ ಹಾಗೆ ಹಿಂಬಾಲಿಸಿದರೆ ಹಾಡು ಕೆಡುತ್ತದೆ. ಅಲ್ಲಿ ಆರು ಜೋಡಿ, ಅಂದರೆ 12 ತಂತಿಗಳ ಪೋರ್ಚುಗೀಸ್ ಗಿಟಾರ್ ಸಾಲುಗಳ ನಡುವಿನ ಬಿಡುವಿನಲ್ಲಿ ಉತ್ತರ ಕೊಡುತ್ತದೆ. 'ವಿಯೋಲ' ಎನ್ನುವ ಸಾದಾ ಗಿಟಾರ್ ಲಯ ಹಿಡಿದಿರುತ್ತದೆ, ಅದರ ಮೇಲೆ ಗಾಯಕಿ ಪದಗಳನ್ನು ಎಳೆದು, ತಡೆದು, ಬಳುಕಿಸಿ ಹಾಡುತ್ತಾರೆ. ಆ ಬಳುಕಿನ ಜೊತೆಗೇ ನಮ್ಮ ಗಮಕವೂ ಸೇರಿದರೆ ಎರಡೂ ಕೇಳಿಸುವುದಿಲ್ಲ.

ಮೈನರ್ ಸ್ವರಶ್ರೇಣಿಯ ಸಾಂಪ್ರದಾಯಿಕ ಮಟ್ಟಾದ ಫಾದೊ ಮೆನೊರ್‌ನಿಂದ ಶುರು ಮಾಡುವುದು ವಾಸಿ. ಮುಖ್ಯವಾಗಿ ಎರಡೇ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗುಚ್ಛ), ಸ್ವರಗಳು ನಮ್ಮ ಕೀರವಾಣಿ ರಾಗದವೇ. ಎ ಮೈನರ್‌ನಲ್ಲಾದರೆ, ಇ7 ಕಾರ್ಡ್ ಬಂದಾಗ ಜಿ ಶಾರ್ಪ್ ಹಿಡಿದು, ಎ ಮೈನರ್ ಬೀಳುತ್ತಿದ್ದಂತೆ ಎಗೆ ಏರಿ. ಅಷ್ಟೇ ಸಾಕು, ಅದೂ ಗಾಯಕಿ ಉಸಿರೆಳೆದುಕೊಳ್ಳುವಾಗ, ಪೋರ್ಚುಗೀಸ್ ಗಿಟಾರ್ ಸುಮ್ಮನಿದ್ದರೆ ಮಾತ್ರ.

ಶ್ರುತಿ ಪ್ರತಿ ಗಾಯಕರಿಗೂ ಬದಲಾಗುವುದರಿಂದ ತಂತಿಗಳನ್ನು ನಮ್ಮ ಸ-ಪ-ಸ-ಪಕ್ಕೆ ಕೂಡಿಸಿಕೊಂಡರೆ ಕೈ ಕಟ್ಟಿದಂತಾಗುತ್ತದೆ. ಪಾಶ್ಚಾತ್ಯ ಪದ್ಧತಿಯ ಜಿ-ಡಿ-ಎ-ಇಗೆ ಬನ್ನಿ. ಒಂದೇ ತಂತಿಯನ್ನು ಪೂರ್ತಿ ಬಿಗಿಯದೆ ನಾಲ್ಕನ್ನೂ ಸರದಿಯಲ್ಲಿ ಸ್ವಲ್ಪ ಸ್ವಲ್ಪವೇ ಏರಿಸಿ. ಬಿರಡೆ ತಿರುವಿದಂತೆಲ್ಲ ತಂತಿ ತನ್ನನ್ನು ಹೊತ್ತ ಕುದುರೆಯ (ಬ್ರಿಡ್ಜ್‌ನ) ತುದಿಯನ್ನು ಬೆರಳುಹಲಗೆಯ ಕಡೆಗೆ ಎಳೆಯುತ್ತದೆ. ಆಗಾಗ ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ಮಾಡದಿದ್ದರೆ ಕುದುರೆ ಬಾಗುತ್ತದೆ, ಕೆಲವೊಮ್ಮೆ ಬಿದ್ದೇ ಹೋಗುತ್ತದೆ. ಇದೆಲ್ಲ ಮನೆಯಲ್ಲೇ ಮುಗಿಸಿ ಬನ್ನಿ. ಫಾದೊ ಮನೆಯಲ್ಲಿ ದೀಪ ತಗ್ಗಿ ಮಾತು ನಿಂತ ಮೇಲೆ ಬಿರಡೆ ಕಿರುಗುಟ್ಟಬಾರದು.

ಜಾಝ್ ಕಲಿಯುವುದಾದರೆ, 1948ರಲ್ಲಿ ಹುಟ್ಟಿದ ಜಾಝ್ ಕ್ಲಬ್ ಹಾಟ್ ಕ್ಲೂಬ್ ದೆ ಪೋರ್ಚುಗಲ್ ನಡೆಸುವ ಶಾಲೆ ಇದೇ ಊರಲ್ಲಿದೆ. ಅಲ್ಲಿನ ಕಷ್ಟ ಕಮಾನಿನದು. ಉದ್ದ ಕಮಾನು ಎಳೆದರೆ ಸ್ವಿಂಗ್, ಅಂದರೆ ಜಾಝ್‌ನ ತೂಗುವ ಲಯ, ಭಾರವಾಗುತ್ತದೆ. ನಡುವಿನಿಂದ ತುಸು ಮೇಲೆ, ಅಂಗೈ ಅಗಲದಷ್ಟೇ ಬಳಸಿ. ಮಧ್ಯಮ ಕಾಲದಲ್ಲಿ ಒಂದು ಪೆಟ್ಟಿನೊಳಗಿನ ಜೋಡಿ ಸ್ವರಗಳು ತಿಶ್ರದ 2+1ರ (ಮೂರು ಭಾಗದಲ್ಲಿ ಮೊದಲನೆಯದಕ್ಕೆ ಎರಡು, ಎರಡನೆಯದಕ್ಕೆ ಒಂದು) ಹತ್ತಿರ ಬರುತ್ತವೆ, ವೇಗ ಹೆಚ್ಚಿದಂತೆ ಸಮವಾಗುತ್ತವೆ. ಎರಡನೆಯ ಚಿಕ್ಕ ಸ್ವರವನ್ನು ಮುಂದಿನ ಪೆಟ್ಟಿನ ಸ್ವರದೊಡನೆ ಒಂದೇ ಕಮಾನಿನಲ್ಲಿ ಸೇರಿಸಿ.

ಮನೋಧರ್ಮಕ್ಕೆ, ಅಂದರೆ ಆಶುವಾಗಿ ನುಡಿಸಲು, ಕೈ ಹಾಕುವ ಮೊದಲು ಡಿ ಮೈನರ್ 7, ಜಿ7, ಸಿ ಮೇಜರ್ 7 ಕಾರ್ಡ್‌ಗಳ ಸಾಲಿನಲ್ಲಿ ಬರಿಯ ಎರಡೆರಡು ಸ್ವರ ನುಡಿಸಿ: ಎಫ್-ಸಿ, ಎಫ್-ಬಿ, ಇ-ಬಿ. ಪ್ರತಿ ಸಲ ಒಂದೇ ಸ್ವರ ಅರ್ಧ ಸ್ವರದಷ್ಟು ಇಳಿಯುತ್ತದೆ. ಈ ಹಂತದಲ್ಲಿ ಗಮಕ ಬೇಡವೇ ಬೇಡ. ಬಿಯನ್ನು ನಿಷಾದದಂತೆ ಸಿಯವರೆಗೆ ತೂಗಿದರೆ ಕಾರ್ಡ್ ಬದಲಾದದ್ದೇ ಕಿವಿಗೆ ಬೀಳುವುದಿಲ್ಲ.